ಒಂದೂವರೆ ಇಂಚಿನ ಹೊಸ್ತಿಲು

ಆಗಸ್ಟಿನಲ್ಲಿ ಇಲ್ಲಿ ನಲ್ಲಿಯ ನೀರೇ ಸುಡುತ್ತದೆ.
ಗೀಸರ್ ಆರಿಸಿಟ್ಟು, ಅದರ ಹೊಟ್ಟೆಯಲ್ಲಿ ತಣಿದದ್ದನ್ನು
ಬಕೆಟ್ಟಿಗೆ ಬಿಟ್ಟು ಮಗುವನ್ನು ಮೀಯಿಸುತ್ತೇವೆ.
ಊರಲ್ಲಿ ಹೇಳಿದರೆ ನಗುತ್ತಾರೆ.
ನಗಲಿ. ಪಮ್ಮಿಯೂ ನಗುತ್ತಾಳೆ,
ಮೊದಲ ಚೊಂಬಿಗೆ ಉಸಿರು ಕಟ್ಟಿ
ಎರಡನೆಯದಕ್ಕೆ ಕೇಕೆ ಹಾಕಿ.

ನಾನು ಆಚಾರಿ. ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ
ಬೇರೆಯವರ ಮನೆಗೆ ಬಾಗಿಲು ಮಾಡುವವನು.
ಹುಟ್ಟಿದ ವಾರವೇ ಟೇಪು ಹಿಡಿದಿದ್ದೆ:
ಹತ್ತೊಂಬತ್ತೂಕಾಲು ಇಂಚು.
"ಮಗು ಅದು, ಹಲಗೆಯಲ್ಲ" ಎಂದು ಬೈದಳು ಸುಗಂಧಿ.
ಆದರೂ ಶುಕ್ರವಾರ ಶುಕ್ರವಾರ, ತಾಯಿ ಮಗಳು ಮಲಗಿದ ಮೇಲೆ
ಕದ್ದು ಅಳೆಯುತ್ತೇನೆ. ಈ ವಾರ ಎರಡು ನೂಲು ಜಾಸ್ತಿ.
ಒಮ್ಮೆ ಒಂದು ನೂಲು ಕಡಿಮೆ ಬಂದಿತ್ತು,
ಕಾಲು ಮಡಚಿದ್ದಳು ಕಳ್ಳಿ.
ಅದು ತಿಳಿಯುವವರೆಗೆ ನನಗೆ ನಿದ್ದೆಯಿಲ್ಲ.

ಮರ ಒಣಗಿದಷ್ಟೂ ಕುಗ್ಗುತ್ತದೆ.
ಕುಗ್ಗುವುದರ ಲೆಕ್ಕವಿಟ್ಟೇ ಇಪ್ಪತ್ತು ವರ್ಷ ಜೋಡಿಸಿದ ಕೈ ಇದು.
ಹೀಗೆ ದಿನಾ ಹಿಗ್ಗುವುದಕ್ಕೆ
ಮೂಲೆಮಟ್ಟವನ್ನು ಎಲ್ಲಿ ಹಿಡಿಯಲಿ?

ಮೂರನೇ ತಿಂಗಳಲ್ಲಿ ಅವಳಿಗೆ ತನ್ನ ಮುಷ್ಟಿ ಸಿಕ್ಕಿತು.
ಗಂಟು ಇದೆಯೇ ಎಂದು ಪರೀಕ್ಷಿಸುವವಳಂತೆ
ತಿರುಗಿಸಿ ತಿರುಗಿಸಿ ನೋಡಿ ಬಾಯಿಗಿಟ್ಟಳು.
ಏಸಿಯ ಹಸಿರು ದೀಪದ ಜೊತೆ ಮಾತು ಶುರುವಾಯಿತು.
ತೆವಳಲು ಹೊರಟವಳು ಮೊದಲು ಹಿಂದಕ್ಕೇ ಹೋದಳು,
ಬೇಕೆಂದ ಗಿಲಕಿ ದೂರ ದೂರವಾಗುತ್ತ
ಸಿಟ್ಟಿಗೆ ಮುಖವೆಲ್ಲ ಕೆಂಪು.

ಫೋನಿನಲ್ಲಿ ಅಮ್ಮ: "ಹೊಸ್ಲ್ ದಾಟ್ತಾ ಹೆಣ್ಣ್?"
ಗುದೈಬಿಯಾದ ಮೂರನೇ ಮಾಳಿಗೆಯಲ್ಲಿ ಹೊಸ್ತಿಲೆಲ್ಲಿ?
ಕೋಣೆಯಿಂದ ಹಾಲಿಗೆ ಟೈಲ್ಸು ತಡೆಯಿಲ್ಲದೆ ಹರಿದಿದೆ.
ಆಚೆ ಕಡೆ ಸ್ವಲ್ಪ ಹೊತ್ತು ಮೌನ.
"ಆಚಾರಿ ಮಗ್ಳಿಗ್ ಹೊಸ್ಲ್ ಇಲ್ಯಾ?"

ಮರುದಿನ ಚೂರುಪಾರಿನ ರಾಶಿಯಲ್ಲಿ
ಯಾರದೋ ಬಾಗಿಲಿಗೆ ಮಿಕ್ಕಿದ ಸಾಗುವಾನಿ ತುಂಡು.
ಆಯ ನೋಡಿ ಕೊಯ್ದೆ. ಎತ್ತರ ಒಂದೂವರೆ ಇಂಚು.
ಅಂಚು ಉರುಟಾಗಿಸಿ, ಉಜ್ಜಿ ಉಜ್ಜಿ,
ಕೆನ್ನೆಗೊತ್ತಿ ನೋಡಿ ಮತ್ತೆ ಉಜ್ಜಿದೆ.
ನೆಕ್ಕುತ್ತಾಳೆಂದು ವಾರ್ನಿಶ್ ಬೇಡ, ತೆಂಗಿನೆಣ್ಣೆ.
ಫೋರ್‌ಮನ್ ಕೇಳಿದ, ಯಾರ ಆರ್ಡರು?
ದೊಡ್ಡ ಪಾರ್ಟಿ, ಎಂದೆ.

ಗುರುವಾರ ರಾತ್ರಿ ಅಂಟಿಸಿದೆ.
ಬಂದಳು. ನಿಂತಳು. ಮೂಸಿದಳು.
ನಿರೀಕ್ಷಿಸಿದಂತೆ ನೆಕ್ಕಿದಳು.
ಅಂಗೈಯಿಂದ ತಟ್ಟಿ ಸದ್ದು ಕೇಳಿದಳು,
ಮತ್ತೆ ಅದಕ್ಕೇ ತಲೆಯಿಟ್ಟು ನಿದ್ದೆಹೋದಳು.
ಶುಕ್ರವಾರವೂ ಅಷ್ಟೇ. ಶನಿವಾರವೂ.

ಭಾನುವಾರ ಸಂಜೆ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದೇನೆ,
ಕೋಣೆಯ ಬಾಗಿಲಲ್ಲಿ ಪಮ್ಮಿ.
ಹೊಟ್ಟೆ, ಒಂದು ಮಂಡಿ, ಇನ್ನೊಂದು ಮಂಡಿ, ದೊಪ್ಪ!
ಮರದ ಕಡೆ ನೋಡಲೂ ಇಲ್ಲ.
"ಅಯ್ಯೋ, ಮೊದಲನೇ ಸಲ!" ಸುಗಂಧಿಯ ಚಪ್ಪಾಳೆ
ಒಂದು ಚೂರು ಹೆಚ್ಚೇ ಜೋರಾಗಿತ್ತು.

ಎತ್ತಿಕೊಳ್ಳಲು ಬಗ್ಗಿದಾಗ ಕಂಡಿತು:
ಹೊಸ್ತಿಲಿನ ಈಚೆ, ಹಾಲಿನ ಬದಿಗೆ
ಬಾಳೆಹಣ್ಣು ಮೆತ್ತಿದ ನಾಲ್ಕು ಬೆರಳು.
ಒಣಗಿ ಬಿರುಕು ಬಿಟ್ಟಿದೆ.
ಒಣಗುವುದರ ಲೆಕ್ಕ ನನಗೆ ಗೊತ್ತಲ್ಲ,
ಬೆಳಗಿನ ಹತ್ತು ಗಂಟೆಯದು.

ಏನೂ ಹೇಳಲಿಲ್ಲ.
ಕೋಲ್ಡ್ ಸ್ಟೋರಿನಿಂದ ಕಾಯಿ ತಂದು
ಕೆಳಗೆ ಫುಟ್‌ಪಾತಿನ ಅಂಚಿಗೆ ಒಡೆದೆ.
ವಾಚ್‌ಮನ್ ನೂರುಲ್ ಓಡಿ ಬಂದ. ಅವನಿಗೂ ಒಂದು ಹೋಳು.
ಮೇಲೆ ಬಂದರೆ ಮಗಳು
ಆಚೆಗೆ ಈಚೆಗೆ, ಆಚೆಗೆ ಈಚೆಗೆ,
ದಾಟುವುದೇ ಕೆಲಸವಾಗಿದೆ.
ಮುಹರ್ರಕ್‌ನ ಹಲ್ವಾ ಬೆರಳ ತುದಿಯಲ್ಲಿ ನೆಕ್ಕಿಸಿದೆ.

ಆಗ ಬೆರಳಿಗೆ ಏನೋ ಗೀರಿತು,
ಕೆಳಗಿನ ಒಸಡಿನಲ್ಲಿ, ಅರ್ಧ ನೂಲೂ ಇಲ್ಲ.

"ಏನು ನಗ್ತಿದ್ದೀರಿ?" ಎಂದಳು ಸುಗಂಧಿ.
ಏನಿಲ್ಲ, ಎಂದೆ.
ನಾಳೆ ಬೆಳಗ್ಗೆ ಗಂಜಿ ಉಣಿಸುವಾಗ
ಅವಳ ಕೈಯ ಚಮಚ ಟಿಣ್ ಅನ್ನಲಿ.